ಕೊನೆಯ ಗಂಟೆಯಲ್ಲಿ ಮತ ಹಾಕಬಹುದು
(2021ರ ಏಪ್ರಿಲ್ 6ರ ಕೇರಳ ವಿಧಾನಸಭಾ ಚುನಾವಣೆಗೆ ಮುಂಚೆ, ಕೋವಿಡ್ ಬಂದ ತಂದೆ ಮತ ಹಾಕುವುದು ಹೇಗೆ ಎಂದು ಕೇಳಿದವರಿಗೆ ಬರೆದ ಉತ್ತರ.)
ಮನೆಯಿಂದಲೇ ಅಂಚೆ ಮತ ಹಾಕಲು ಕೊಡುವ 12ಡಿ ಅರ್ಜಿಯ ಗಡುವು ಮುಗಿದಿದೆ, ಅದಕ್ಕೇ ಮಂಜೇಶ್ವರದ ನಿಮ್ಮ ಮನೆಗೆ ಬ್ಯಾಲೆಟ್ ಬರುವುದಿಲ್ಲ ಎಂದಿದ್ದಾರೆ. 2020ರ ಡಿಸೆಂಬರ್ 14ರ ಪಂಚಾಯತ್ ಚುನಾವಣೆಯಲ್ಲಿ ಮತದಾನದ ಹಿಂದಿನ ದಿನ ಮಧ್ಯಾಹ್ನ 3ರವರೆಗೆ ಕೋವಿಡ್ ಪಾಸಿಟಿವ್ ಆದವರಿಗೂ ಮನೆಯಲ್ಲೇ ಮತ ಹಾಕಲು ಅವಕಾಶವಿತ್ತು. ನಮ್ಮ ಅಮ್ಮ ಜಗಲಿಯಲ್ಲಿ ಕೂತು ಗುರುತು ಹಾಕಿ ಲಕೋಟೆ ಅಂಟಿಸಿ ಕೊಟ್ಟಿದ್ದರು. ವಿಧಾನಸಭೆಗೆ ಹಾಗಲ್ಲ. ಅಧಿಸೂಚನೆಯಾದ ಐದು ದಿನದೊಳಗೆ ಅರ್ಜಿ ಕೊಟ್ಟಿರಬೇಕಿತ್ತು. ತಂದೆಯವರಿಗೆ ಏಪ್ರಿಲ್ 2ಕ್ಕೆ ಪಾಸಿಟಿವ್ ಬಂದದ್ದು, ಅದು ನಿಮ್ಮ ತಪ್ಪಲ್ಲ.

ಮತವಂತೂ ಹೋಗಿಲ್ಲ. ಏಪ್ರಿಲ್ 6ರಂದು ಸಂಜೆ 6ರಿಂದ 7ರ ಗಂಟೆ, ಅಂದರೆ ಮತದಾನದ ಕೊನೆಯ ಗಂಟೆ, ಕೋವಿಡ್ ರೋಗಿಗಳಿಗೂ ಕ್ವಾರಂಟೈನಿನಲ್ಲಿರುವವರಿಗೂ ಇದೆ. ಇವತ್ತೇ ಆಶಾ ಕಾರ್ಯಕರ್ತೆಗೂ ಬೂತ್ ಮಟ್ಟದ ಅಧಿಕಾರಿಗೂ (ಬಿಎಲ್‌ಒ) ಫೋನ್ ಮಾಡಿ, ತಂದೆಯವರು ಬೂತಿಗೆ ಬರುತ್ತಾರೆಂದು ಹೇಳಿಡಿ. ಪಿಪಿಇ ಕಿಟ್ ಹಾಕಿಕೊಂಡೇ ಹೋಗಬೇಕು. ಅವರು ಕೊಡುತ್ತಾರೋ ನೀವೇ ತರಬೇಕೋ ಈಗಲೇ ಕೇಳಿ, ನಾಳೆಗೆ ಇಡಬೇಡಿ. ಅವರು ಫೋನ್ ಎತ್ತದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಕಿಟ್ಟಿನೊಳಗೆ ವಿಪರೀತ ಸೆಕೆ. ತಂದೆಯವರಿಗೆ ಸಕ್ಕರೆ ಕಾಯಿಲೆ ಅಂದಿದ್ದೀರಿ, ಹೊರಡುವ ಮೊದಲೇ ಗಂಜಿ ಕುಡಿಸಿ. ದಮ್ಮು ಕಟ್ಟುತ್ತಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಹೊರಡಿಸಬೇಡಿ. ಬಸ್ಸು, ರಿಕ್ಷಾ ಬೇಡ, ಮನೆಯ ಗಾಡಿಯಲ್ಲೇ ಕರೆದುಕೊಂಡು ಹೋಗಿ. ಗುರುತಿನ ಚೀಟಿ ಮರೆಯಬೇಡಿ. 7ರ ಒಳಗೆ ಸಾಲಿನಲ್ಲಿ ನಿಂತರೆ ಸಾಕು, ವಾಪಸ್ ಕಳಿಸುವ ಹಾಗಿಲ್ಲ.