18 ಸಾವಿರ ಕೊಟ್ಟರೆ ನಮ್ಮ ಹೋಂಸ್ಟೇ ಗೂಗಲ್‌ನಲ್ಲಿ ಮೊದಲು ಬರುತ್ತದೆಯಾ?

ಕೊಡಬೇಡಿ. ಕಾಸರಕೋಡ ಬೀಚ್ ಹತ್ತಿರ ಹೊಸದಾಗಿ ಹೋಂಸ್ಟೇ ಶುರು ಮಾಡಿದ್ದೀರಿ. ಯಾರೋ ಫೋನ್ ಮಾಡಿ, 18 ಸಾವಿರಕ್ಕೆ 200 ಡೈರೆಕ್ಟರಿಗಳಲ್ಲಿ (ವೆಬ್‌ಸೈಟ್‌ಗಳ ಹೆಸರು, ವಿಳಾಸ ಪಟ್ಟಿ ಮಾಡಿಟ್ಟ ಪುಟಗಳು) ಹೆಸರು ಸೇರಿಸಿ ಗೂಗಲ್‌ನಲ್ಲಿ ಒಂದನೇ ಜಾಗ ಕೊಡಿಸುತ್ತೇವೆ ಅಂದಿದ್ದಾರೆ ಅಂತ ಬರೆದಿದ್ದೀರಿ. ಆ ಜಾಗ ಅವರ ಕೈಯಲ್ಲಿ ಇಲ್ಲ. ಒಂದನೇ ಜಾಗದ ಗ್ಯಾರಂಟಿ ಯಾರೂ ಕೊಡಲಾರರು, ದುಡ್ಡು ತಗೊಂಡು ನಾವು ಯಾರನ್ನೂ ಮೇಲೆ ತರುವುದಿಲ್ಲ ಅಂತ ಗೂಗಲ್ ತಾನೇ ಬರೆದಿಟ್ಟಿದೆ.

ದುಡ್ಡಿಗೆ ಸಿಗುವ ಜಾಗ ಒಂದಿದೆ, ಅದು ಜಾಹೀರಾತಿನ ಜಾಗ. ಅಲ್ಲಿ 'ಸ್ಪಾನ್ಸರ್ಡ್' ಅಂತ ಕಾಣುತ್ತದೆ. ಯಾರಾದರೂ ಒತ್ತಿದಾಗ ಇಷ್ಟು ಅಂತ ದುಡ್ಡು ಹೋಗುತ್ತದೆ. ಅದನ್ನು ಗೂಗಲ್‌ನಿಂದ ನೀವೇ ನೇರವಾಗಿ ತಗೊಳ್ಳಬಹುದು, ಖರ್ಚಿಗೆ ಮಿತಿಯನ್ನೂ ಹಾಕಬಹುದು. ದುಡ್ಡು ಹಾಕುವುದು ನಿಲ್ಲಿಸಿದ ದಿನ ಆ ಜಾಗವೂ ಹೋಯಿತು. ಅದರ ಕೆಳಗೆ ಬರುವ ಪಟ್ಟಿಯೇ ಬೇರೆ.

ಮೊದಲು ಹೀಗಿರಲಿಲ್ಲ. 1998ರಲ್ಲಿ ಗೋಟು ಡಾಟ್ ಕಾಮ್ ಅನ್ನುವ ಸರ್ಚ್ ಎಂಜಿನ್ ಮೇಲಿನ ಜಾಗಗಳನ್ನೇ ಹರಾಜಿಗೆ ಇಟ್ಟಿತು. ನಮ್ಮ ಶಿರಸಿಯ ಅಡಿಕೆ ಟೆಂಡರ್ ಇದ್ದ ಹಾಗೆ, ಯಾರ ದರ ಜಾಸ್ತಿಯೋ ಅವರಿಗೆ. ಯಾಹೂ ಡೈರೆಕ್ಟರಿಗೆ ವ್ಯಾಪಾರದ ವೆಬ್‌ಸೈಟ್ ಸೇರಿಸಲು ವರ್ಷಕ್ಕೆ 299 ಡಾಲರ್ ಕಟ್ಟಬೇಕಿತ್ತು. ಆ ದುಡ್ಡಿಗೂ ಸಿಗುತ್ತಿದ್ದದ್ದು ಬೇಗ ನೋಡುತ್ತೇವೆ ಅನ್ನುವ ಮಾತು ಮಾತ್ರ, ಸೇರಿಸಿಯೇ ಬಿಡುತ್ತೇವೆ ಅಂತ ಅಲ್ಲ. ದುಡ್ಡು ಕೊಟ್ಟವರ ಜಾಗ ಯಾವುದು ಅಂತ ಜನರಿಗೆ ಸ್ಪಷ್ಟವಾಗಿ ತೋರಿಸಿ ಅಂತ 2002ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಸರ್ಚ್ ಎಂಜಿನ್‌ಗಳಿಗೆ ಪತ್ರ ಬರೆಯಿತು. ಯಾಹೂ ಡೈರೆಕ್ಟರಿ 2014ರಲ್ಲಿ ಮುಚ್ಚಿತು. ಸ್ವಯಂಸೇವಕರು ಪುಕ್ಕಟೆ ನಡೆಸುತ್ತಿದ್ದ ಡಿಮೋಜ್ ಅನ್ನುವ ಡೈರೆಕ್ಟರಿ 2017ರಲ್ಲಿ ಮುಚ್ಚಿತು. ನಿಮಗೆ ಈಗ ಮಾರಲು ಬಂದಿರುವ 200 ಡೈರೆಕ್ಟರಿಗಳನ್ನು ಪ್ರವಾಸಿಗರು ಯಾರೂ ತೆರೆದು ನೋಡುವುದಿಲ್ಲ. ಲಿಂಕ್ ಕೊಟ್ಟು ಬೇರೆ ವೆಬ್‌ಸೈಟ್‌ಗಳನ್ನು ಮೇಲೆ ತರಲೆಂದೇ ಮಾಡಿದ ಅಂಥ ಪುಟಗಳನ್ನು ಗೂಗಲ್ ಸ್ಪ್ಯಾಮ್ ಅಂತಲೇ ನೋಡುತ್ತದೆ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ನನ್ನ ಅಣ್ಣ ಅತ್ತಿಗೆ ಶಿರಸಿ ಹತ್ತಿರ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಾರೆ. ಮೊದಲ ವರ್ಷ ಇಂಥದ್ದೇ ಒಂದು ಕರೆ ನಂಬಿ 12 ಸಾವಿರ ಕಟ್ಟಿದೆವು. ಡೈರೆಕ್ಟರಿಗಳಿಂದ ಒಬ್ಬ ಅತಿಥಿಯೂ ಬರಲಿಲ್ಲ. ದುಡ್ಡು ಹೋದದ್ದಕ್ಕಿಂತ ಹೆಚ್ಚು ನೋವಾದದ್ದು ಬೇರೆ ವಿಷಯಕ್ಕೆ. ಅತ್ತಿಗೆ ಹೇಳಿದ ಒಟಿಪಿ ಬಳಸಿ ಅವರು ನಮ್ಮ ಗೂಗಲ್ ಬಿಸಿನೆಸ್ ಪ್ರೊಫೈಲನ್ನು (ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ಹೋಂಸ್ಟೇಯ ಹೆಸರು, ಫೋನ್ ನಂಬರ್ ತೋರಿಸುವ ಪುಟ) ತಮ್ಮ ಇಮೇಲ್‌ನಲ್ಲಿ ಮಾಡಿಕೊಂಡಿದ್ದರು. ಮುಂದಿನ ವರ್ಷ ನಮ್ಮ ಫೋನ್ ನಂಬರ್ ಬದಲಾಯಿತು. ತಿದ್ದಿ ಅಂದರೆ ಮತ್ತೆ ದುಡ್ಡು ಕೇಳಿದರು. ಡಿಸೆಂಬರ್ ರಜೆಯಲ್ಲಿ ಜನ ಹಳೆಯ ನಂಬರಿಗೆ ಫೋನ್ ಮಾಡಿ ಮಾಡಿ ಬೇರೆ ಕಡೆ ಹೋದರು. ರೂಮುಗಳು ಖಾಲಿ ಇದ್ದವು. ಕೊನೆಗೆ ಗೂಗಲ್‌ಗೆ ಅರ್ಜಿ ಹಾಕಿ, ಮನೆಯ ವಿಡಿಯೋ ಕಳಿಸಿ ಪ್ರೊಫೈಲ್ ವಾಪಸ್ ಪಡೆದೆವು.

ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಪುಕ್ಕಟೆ. ನಿಮ್ಮ ಸ್ವಂತ ಇಮೇಲ್‌ನಲ್ಲೇ ಮಾಡಿ. ಮ್ಯಾಪ್‌ನಲ್ಲಿ ಗುರುತು ಸರಿಯಾಗಿ ನಿಮ್ಮ ಅಂಗಳದ ಮೇಲೇ ಇರಲಿ, ಹೆದ್ದಾರಿ ಮೇಲಲ್ಲ. ಬರುವವರು ಏನು ಕೇಳುತ್ತಾರೋ ಅದನ್ನೇ ಬರೆಯಿರಿ: ಹೊನ್ನಾವರ ಸ್ಟೇಷನ್ನಿನಿಂದ ಎಷ್ಟು ದೂರ, ಮೀನೂಟ ಇದೆಯಾ, ಕಾರು ಒಳಗೆ ಬರುತ್ತದೆಯಾ, ಮಳೆಗಾಲದಲ್ಲಿ ತೆರೆದಿರುತ್ತೀರಾ. ಫೋಟೋ ನಿಮ್ಮ ಮನೆಯದ್ದೇ ಇರಲಿ, ಶರಾವತಿಯದ್ದೊಂದು ಜೊತೆಗಿರಲಿ. ಖುಷಿಯಾಗಿ ಹೊರಟವರ ಹತ್ತಿರ ಎರಡು ಸಾಲು ರಿವ್ಯೂ ಬರೆಯಿರಿ ಅಂತ ಕೇಳಿ, ಸಂಕೋಚ ಬೇಡ. ನಮಗೆ ಅತಿಥಿಗಳು ಬರಲು ಶುರುವಾದದ್ದು ಆ ರಿವ್ಯೂಗಳಿಂದಲೇ. ಇಷ್ಟಾದ ಮೇಲೂ ಬೇಕು ಅನಿಸಿದರೆ ಸೀಸನ್‌ನಲ್ಲಿ ಎರಡು ವಾರ ಸಣ್ಣದೊಂದು ಆ್ಯಡ್ ಹಾಕಿ ನೋಡಿ.

ಆ ಕರೆ ಮಾಡಿದವರಿಗೆ ನೀವು ಈಗಾಗಲೇ ಒಟಿಪಿ ಹೇಳಿಬಿಟ್ಟಿದ್ದರೆ, ಇವತ್ತೇ ಪ್ರೊಫೈಲ್ ತೆರೆದು ಓನರ್ ಜಾಗದಲ್ಲಿ ಯಾರ ಇಮೇಲ್ ಇದೆ ಅಂತ ನೋಡಿ. ನಿಮ್ಮದಲ್ಲದಿದ್ದರೆ ಇಲ್ಲೇ ಬರೆಯಿರಿ, ಅರ್ಜಿ ಹಾಕುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.