ಎನ್‌ಸಿಎಎ ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದ ತಂಡದ ಮೇಲೆ ಬಾಜಿ ಕಟ್ಟುವುದು ಲಾಭದಾಯಕವೇ?

ಶ್ರೇಯಾಂಕವೊಂದನ್ನೇ ನಂಬಿದರೆ ಅಲ್ಲ. ಅಮೆರಿಕದ ಈ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಒಮ್ಮೆ ಸೋತ ತಂಡ ಹೊರಬೀಳುವುದರಿಂದ ಪ್ರಶಸ್ತಿಗೆ ಸತತ ಆರು ಗೆಲುವು ಬೇಕು. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇ 80ರಷ್ಟಿದೆ ಎಂದಿಟ್ಟುಕೊಂಡರೂ ಆರನ್ನೂ ಗೆಲ್ಲುವ ಸಾಧ್ಯತೆ ಸುಮಾರು ಶೇ 26 ಮಾತ್ರ.

ಪರ್ಡ್ಯೂ ವಿಶ್ವವಿದ್ಯಾಲಯದ ಪುರುಷರ ತಂಡವನ್ನೇ ನೋಡಿ. ಅಗ್ರ ಶ್ರೇಯಾಂಕವಿದ್ದರೂ, 7 ಅಡಿ 4 ಇಂಚು ಎತ್ತರದ ಆಟಗಾರ ಝ್ಯಾಕ್ ಈಡಿ ಇದ್ದರೂ, 2023ರಲ್ಲಿ ಅದು ಮೊದಲ ಸುತ್ತಿನಲ್ಲೇ ಅತಿ ಕೆಳಗಿನ, ಅಂದರೆ 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು 58–63ರಿಂದ ಸೋತಿತು. ಕುಳ್ಳಗಿನ ಎದುರಾಳಿಗಳು ಈಡಿಯನ್ನು ಸುತ್ತುವರಿದು ಉಳಿದವರಿಗೆ ದೂರದಿಂದ ಎಸೆಯಲು ಬಿಟ್ಟರು. ಮೂರು ಅಂಕಗಳ 26 ಯತ್ನಗಳಲ್ಲಿ ಬುಟ್ಟಿ ಸೇರಿದ್ದು ಐದೇ. ಮರುವರ್ಷ ದೂರದ ಎಸೆತ ಸುಧಾರಿಸಿಕೊಂಡ ಅದೇ ತಂಡ ಫೈನಲ್‌ವರೆಗೆ ಹೋಗಿ ಯೂಕಾನ್‌ಗೆ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಮಣಿಯಿತು. ಹೀಗಾಗಿ ಗೆಲುವು–ಸೋಲಿನ ಪಟ್ಟಿಗಿಂತ, ನೂರು ಪೊಸೆಷನ್‌ಗಳಿಗೆ (ಚೆಂಡು ಒಂದು ತಂಡದ ವಶದಲ್ಲಿರುವ ಸರದಿ) ತಂಡ ಗಳಿಸುವ ಮತ್ತು ಬಿಟ್ಟುಕೊಡುವ ಅಂಕಗಳು, ಚೆಂಡು ಕಳೆದುಕೊಳ್ಳುವ ಪ್ರಮಾಣ ಹಾಗೂ ಮುಂದೆ ಎದುರಾಗುವವರ ಆಟದ ಶೈಲಿ ಹೆಚ್ಚು ತಿಳಿಸುತ್ತವೆ.

ಇನ್ನು ದರದ ಮಾತು. ಒಂದು ರೂಪಾಯಿಗೆ ಹತ್ತು ರೂಪಾಯಿ ಲಾಭ ಎಂಬ ದರದ ಅರ್ಥ ಸುಮಾರು ಶೇ 9ರ ಸಾಧ್ಯತೆ. ನಿಮ್ಮ ಲೆಕ್ಕ ಅದಕ್ಕಿಂತ ಮೇಲಿದ್ದರೆ ಮಾತ್ರ ಆ ಬಾಜಿಗೆ ಅರ್ಥವಿದೆ. ಎಲ್ಲ ತಂಡಗಳ ದರಗಳನ್ನು ಹೀಗೆ ಶೇಕಡಾವಾರು ಮಾಡಿ ಕೂಡಿದರೆ ಮೊತ್ತ ನೂರನ್ನು ಮೀರುತ್ತದೆ, ಆ ಹೆಚ್ಚುವರಿಯಲ್ಲೇ ಬುಕ್ಕಿಯ ಲಾಭ ಅಡಗಿದೆ.