ಬಾಲಣ್ಣ ಬರೀ ಹಾಸ್ಯನಟರೇ? ಸೇಡಂನ ಓದುಗರಿಗೆ ಉತ್ತರ

ಮಾನ್ಯರೇ, ಶರಣು.

ನಟ ಟಿ.ಎನ್. ಬಾಲಕೃಷ್ಣ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಭಾವಚಿತ್ರದ ಕೆಳಗೆ ‘ಹಾಸ್ಯನಟ’ ಎಂದಷ್ಟೇ ಏಕೆ ಹಾಕಿದಿರಿ, ಅವರ ನಾಟಕದ ದಿನಗಳನ್ನು ಒಂದೇ ವಾಕ್ಯದಲ್ಲಿ ಏಕೆ ಮುಗಿಸಿದಿರಿ ಎಂಬುದು ತಮ್ಮ ಆಕ್ಷೇಪ. “ಕಿವಿ ಕೇಳಲಾರದ ಮನುಷ್ಯಾ ಎದುರಿನವರ ಮಾತಿಗಿ ಸರಿಯಾದ ಟೈಮಿಗಿ ಉತ್ತರಾ ಹ್ಯಾಂಗ ಕೊಡತಿದ್ರು?” ಎಂಬುದು ಪ್ರಶ್ನೆ. ತಮ್ಮ ತಂದೆಯವರು ಜೋಪಾನ ಮಾಡಿಟ್ಟ ಕಂಪನಿ ನಾಟಕಗಳ ಕರಪತ್ರಗಳನ್ನು ಕಳಿಸಲೇ ಎಂದೂ ಕೇಳಿದ್ದೀರಿ.

ಆ ಅಡಿಬರಹ ಬರೆದವನು ನಾನೇ, ತಪ್ಪು ನನ್ನದು. ಒಂದು ಚಿತ್ರದಲ್ಲಿ ನಗಿಸಿ, ಮುಂದಿನದರಲ್ಲಿ ಮನೆ ಒಡೆಯುವ ಖಳನಾಗಿ, ಅದರಾಚೆಗೆ ‘ಬಂಗಾರದ ಮನುಷ್ಯ’ದ ರಾಚೂಟಪ್ಪನಂಥ ಊರ ಹಿರಿಯನಾಗಿ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಂದುಹೋದವರಿಗೆ ಆ ಒಂದು ಪದ ಸಾಲದು. (ರಾಚೂಟಪ್ಪ ಎಂಬ ಹೆಸರು ಕೇಳಿದೊಡನೆ ನಮ್ಮ ಕಡೆಯವರಿಗೆ ಆತ ಪಕ್ಕದ ಓಣಿಯವನೇ ಅನ್ನಿಸುತ್ತದೆ.)

ಪ್ರಶ್ನೆಗೆ ಉತ್ತರ ನಾಟಕದಲ್ಲೇ ಇದೆ. ಬಾಲಕೃಷ್ಣ ಅವರು ಎದುರಿನವರ ತುಟಿಯ ಚಲನೆಯನ್ನು ನೋಡಿ ಮಾತು ಹಿಡಿಯುತ್ತಿದ್ದರು. ಅದರ ಜೊತೆಗೆ ತಮ್ಮದಲ್ಲದೆ ಸಹನಟರ ಮಾತುಗಳನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಅದೇ ರಾತ್ರಿ ಬಣ್ಣ ಹಚ್ಚಬೇಕಾಗುತ್ತಿದ್ದ ಕಂಪನಿಗಳಲ್ಲಿ ಎಲ್ಲರ ಪಾರ್ಟೂ ಗೊತ್ತಿರುವುದು ಹೊಟ್ಟೆಪಾಡಿನ ವಿದ್ಯೆಯಾಗಿತ್ತು.

ಕಾಲೇಜಿನಲ್ಲಿದ್ದಾಗ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ, ತಗಡಿನ ಥಿಯೇಟರೊಂದರ ವಿಂಗಿನ ಪಕ್ಕ ನಿಂತು ನಾನು ಒಂದು ಸಂಗತಿಯನ್ನು ಕಣ್ಣಾರೆ ಕಂಡಿದ್ದೇನೆ. ಗೌಡನ ಪಾರ್ಟಿನ ಮುದುಕ ನಟರಿಗೆ ಕಿವಿ ಮಂದ. ಅವರ ದೃಷ್ಟಿಯೆಲ್ಲ ಸೊಸೆಯ ಪಾತ್ರದ ಹುಡುಗಿಯ ಗದ್ದದ ಮೇಲಿತ್ತು. ಆಕೆ ನಡುವೆ ಮಾತು ಮರೆತು ನಿಂತಳು. ಪ್ರಾಂಪ್ಟರು ಪುಸ್ತಕದ ಹಾಳೆ ತಿರುವುವಷ್ಟರಲ್ಲಿ ಮುದುಕರು ಎರಡು ಹೆಜ್ಜೆ ಮುಂದೆ ಬಂದು, ಆಕೆ ಹೇಳಬೇಕಿದ್ದ ಮಾತನ್ನೇ “ತವರಿಗಿ ಹೋಗತೀನಿ ಅಂತಿ ಏನವ್ವಾ?” ಎಂದು ಪ್ರಶ್ನೆಯಾಗಿ ತಿರುಗಿಸಿ ಕೇಳಿದರು. ಹುಡುಗಿ “ಹೋಗೇ ಹೋಗತೀನಿ ಮಾವಾ” ಎಂದಳು, ಜನ ಸಿಳ್ಳೆ ಹೊಡೆದರು. ಅದು ಮರೆವೆಂದು ಮುಂದಿನ ಸಾಲಿನವರಿಗೂ ತಿಳಿಯಲಿಲ್ಲ.

ಅರಸೀಕೆರೆಯವರಾದ ಬಾಲಕೃಷ್ಣ ಅವರು ನಾಟಕದಲ್ಲಿ ಪಳಗಿಯೇ 1943ರ ‘ರಾಧಾರಮಣ’ದ ಮೂಲಕ ಚಿತ್ರರಂಗಕ್ಕೆ ಬಂದವರು. ಹೆಸರು ಮಾಡಿದ ಮೇಲೂ ರಂಗವನ್ನು ಬಿಡಲಿಲ್ಲ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರೊಡನೆ ಕಲಾವಿದರ ಸಂಘ ಕಟ್ಟಿಕೊಂಡು ಊರೂರು ತಿರುಗಿ ನಾಟಕವಾಡಿದರು. 1960ರ ‘ರಣಧೀರ ಕಂಠೀರವ’ ಚಿತ್ರವನ್ನು ನಿರ್ಮಿಸಿದ್ದು ಅದೇ ಸಂಘ. ಸಿನಿಮಾದ ಹಣದಿಂದ ನಾಟಕ ಬದುಕಿತೆಂಬ ಮಾತನ್ನು ನಾವು ಪತ್ರಕರ್ತರು ಸಲೀಸಾಗಿ ಬರೆಯುತ್ತೇವೆ. ಇಲ್ಲಿ ನಾಟಕವೇ ಸಿನಿಮಾಕ್ಕೆ ಕೈಗಡ ಕೊಟ್ಟಿತ್ತು. ಮುಂದೆ ಅವರು ಬೆಂಗಳೂರಿನ ಕೆಂಗೇರಿ ಬಳಿ ಅಭಿಮಾನ್ ಸ್ಟುಡಿಯೊ ಕಟ್ಟಲು ಹೊರಟು ಪಟ್ಟ ಕಷ್ಟ ಬೇರೆಯದೇ ಕಥೆ. 1995ರಲ್ಲಿ ತೀರಿಕೊಳ್ಳುವವರೆಗೂ ಆ ಹೊರೆ ಅವರ ಬೆನ್ನ ಮೇಲಿತ್ತು.

ಆದ್ದರಿಂದ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯೊಂದಿಗೆ ಅವರ ರಂಗಜೀವನದ ಬಗ್ಗೆಯೇ ಪ್ರತ್ಯೇಕ ಲೇಖನ ಹಾಕುತ್ತೇವೆ. ಕರಪತ್ರಗಳನ್ನು ದಯಮಾಡಿ ಅಂಚೆಗೆ ಹಾಕಬೇಡಿ, ಅಂಥ ಹಳೆಯ ಕಾಗದ ಮಡಿಕೆಯಲ್ಲೇ ಹರಿಯುತ್ತದೆ. ಯುಗಾದಿ ಮುಗಿದ ಮೇಲೆ ನಾವೇ ಸೇಡಂಗೆ ಬಂದು, ತಮ್ಮ ಪಡಸಾಲೆಯಲ್ಲೇ ಅವನ್ನು ಹರಡಿ ಫೋಟೊ ತೆಗೆದುಕೊಳ್ಳುತ್ತೇವೆ.

— ಸಂಪಾದಕ